ಮಾರ್ಸ್‌ಬಿಯ ತಾಲೀಮು ರಾಣಿ

ಸಹನೆಯ ವಿಷಯದಲ್ಲಿ ಮಾರ್ಸ್‌ಬಿಯ ಜನ ಎರಡೇ ಹೆಸರುಗಳನ್ನು ಒಪ್ಪುತ್ತಾರೆ. ಒಂದು, ಇಂಗ್ಲೆಂಡಿನ ಯಾರ್ಕ್‌ಶೈರ್ ಕಡಲಿಗೆ ಎದೆಯೊಡ್ಡಿ ನಿಂತಿರುವ ಕರಿಬಂಡೆ. ಇನ್ನೊಂದು, ವಿನ್ನಿ ಹೆಪ್‌ವರ್ತಳ ಮೂತ್ರಕೋಶ. ಬಂಡೆಯಾದರೂ ಕಾಲಕ್ರಮದಲ್ಲಿ ಅಷ್ಟಿಷ್ಟು ಸವೆದಿದೆ. ವಿನ್ನಿಯ ಕೀರ್ತಿ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ.

ಹೊಸ ನೀರಿನ ಟ್ಯಾಂಕಿನ ಉದ್ಘಾಟನೆಗೆ ತಾಲೀಮು ನಡೆದ ದಿನದ ಕಥೆ ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ಮೂಡಣ ಗಾಳಿ ಮೂಳೆ ಕೊರೆಯುತ್ತಿತ್ತು. ನಾಲ್ಕೂ ಕಡೆ ನೀರು ಜುಳುಜುಳು ಎನ್ನುತ್ತಿತ್ತು, ತೊಟತೊಟ ಎನ್ನುತ್ತಿತ್ತು, ಆಗಾಗ ಭೋರ್ ಎಂದು ಹೆದರಿಸುತ್ತಿತ್ತು. ಮೇಯರ್ ಸಾಹೇಬರು ಕೊರಳಿನ ಚಿನ್ನದ ಸರವನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಗೋಡೆಯ ಹಿಂದಕ್ಕೆ ಓಡಿದರು, ಬಂದರು, ಮತ್ತೆ ಓಡಿದರು. ವಾದ್ಯದವರು ಸರದಿಯ ಮೇಲೆ ಮಾಯವಾಗುತ್ತಿದ್ದುದರಿಂದ ರಾಷ್ಟ್ರಗೀತೆ ಒಂದು ಸಲವೂ ತುಂಬು ದನಿಯಲ್ಲಿ ಕೇಳಲಿಲ್ಲ. ವಿನ್ನಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಎತ್ತರದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತುಟಿಯಂಚಿನಲ್ಲಿ ಒಂದು ಸಣ್ಣ ನಗೆ ಹಚ್ಚಿಕೊಂಡು ಕುಳಿತೇ ಇದ್ದಳು. ಕೊಟ್ಟಾಗಲೆಲ್ಲ ಚಹಾ ಬೇರೆ ಕುಡಿದಳು. ಅಂದು ಕಡಲಿನ ಉಬ್ಬರವೇ ನಾಚಿಕೊಂಡು ತುಸು ಹೊತ್ತು ದಡದಾಚೆಗೇ ನಿಂತುಬಿಟ್ಟಿತ್ತು ಎಂದು ಬೆಸ್ತರು ಆಣೆಯಿಟ್ಟು ಹೇಳುತ್ತಾರೆ. ಹಿಡಿದ ಮೀನಿನ ಗಾತ್ರದ ವಿಷಯದಲ್ಲಿ ಬೆಸ್ತರನ್ನು ನಂಬಬಾರದು. ಉಬ್ಬರದ ವಿಷಯದಲ್ಲಿ ನಂಬಬಹುದು.

ಈ ಕಥೆ ಕೇಳಿದಾಗಲೆಲ್ಲ ಅವಳ ಗಂಡ ಸಿರಿಲನಿಗೆ ಎರಡು ಸಂಕಟ. ಒಂದು, ಅದು ಬಹುಪಾಲು ನಿಜ. ಇನ್ನೊಂದು, ಅವನು ರಾಜಪ್ರಭುತ್ವದ ಕಡುವೈರಿ. ಊರಿನ ಬಸ್ಸು ಓಡಿಸುವವನು, ಪಟ್ಟಣ ಸಭೆಯ ಸದಸ್ಯ, ಮಾತಿನ ಮಲ್ಲ. "ಹುಟ್ಟಿದ್ದೇ ಯೋಗ್ಯತೆ ಆದ್ರೆ ನಾಳೆಯಿಂದ ನನ್ನ ಬಸ್ಸನ್ನ ನನ್ನ ಮಗಳು ಓಡಿಸ್ಲಿ. ಯಾರ್ಯಾರು ಹತ್ತೀರಿ, ಕೈ ಎತ್ತಿ ನೋಡೋಣ!" ಎಂದು ಅವನು ಪಬ್ಬಿನಲ್ಲಿ ಗುಡುಗಿದರೆ ಎದುರಾಡುವವರಿರಲಿಲ್ಲ. ಅಂಥ ಶೂರನ ಮನೆಯಲ್ಲೇ, ಅವನ ಅಡುಗೆಮನೆಯಲ್ಲೇ, ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತಿದ್ದಳು ರಾಣಿ.

ಅರಮನೆಯವರು ಯಾರಾದರೂ ಬರುವುದಿದ್ದರೆ ಅದಕ್ಕೆ ಮುಂಚೆ ಮಾರ್ಸ್‌ಬಿಯಲ್ಲಿ ಪೂರ್ತಿ ತಾಲೀಮು ನಡೆಯಬೇಕು. ಕಾರಿನ ಬಾಗಿಲು ಯಾರು ತೆರೆಯಬೇಕು, ಸಾಲಿನಲ್ಲಿ ಯಾರ ಪಕ್ಕ ಯಾರು, ಹೂಗುಚ್ಛ ಕೊಡುವ ಹುಡುಗಿ ಯಾವ ಘಳಿಗೆಯಲ್ಲಿ ಮೂಗಿಗೆ ಬೆರಳು ಹಾಕಬಾರದು, ಇದನ್ನೆಲ್ಲ ಪಟ್ಟಣ ಸಭೆಯ ಗುಮಾಸ್ತ ಪಿಲ್ಲಿಂಗ್ ಗಡಿಯಾರ ಹಿಡಿದು ನೋಡುತ್ತಾನೆ. ಅದಕ್ಕೆ ರಾಣಿಯ ಜಾಗದಲ್ಲಿ ನಡೆಯಲು, ಕೂರಲು, ಕೈಕುಲುಕಲು ಒಬ್ಬರು ಬೇಕು. ಮೊದಲು ಆ ಕೆಲಸ ವಿನ್ನಿಯ ತಾಯಿ ನೋರಾಳದಾಗಿತ್ತು. ಒಂದು ತಾಲೀಮಿನ ಬೆಳಿಗ್ಗೆ ನೋರಾ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಆಗ ಪಟ್ಟದಾನೆ ಬಂದು ಯಾರ ಕೊರಳಿಗೂ ಮಾಲೆ ಹಾಕಲಿಲ್ಲ. ಅಂದಿಗಿನ್ನೂ ಮೀಸೆ ಸರಿಯಾಗಿ ಮೂಡದ ಪಿಲ್ಲಿಂಗ್ ಸೈಕಲ್ಲು ತುಳಿದುಕೊಂಡು ಕರಿದ ಮೀನಿನ ಅಂಗಡಿಗೆ ಬಂದ. ವಿನ್ನಿ ಅಲ್ಲಿ ಮೊಣಕೈವರೆಗೆ, ಕನ್ನಡಕದ ಗಾಜಿಗೂ, ಹಿಟ್ಟು ಮೆತ್ತಿಕೊಂಡು ನಿಂತಿದ್ದಳು.

"ನಿಮ್ಮಮ್ಮನ ಕಾಲು ಮುರಿದಿದೆ. ಬಾ."

"ಡಾಕ್ಟರನ್ನ ಕರೀರಿ. ನಾನ್ಯಾಕೆ?"

"ಕಾಲಿಗಲ್ಲ. ಕುರ್ಚಿಗೆ."

"ಮೀನು ಅರ್ಧ ಬೆಂದಿದೆ."

"ಬೇರೆಯವರು ಮಗುಚ್ತಾರೆ."

ಅಷ್ಟೇ ಪಟ್ಟಾಭಿಷೇಕ. ನಿನಗೆ ಇಷ್ಟವೇ ಎಂದು ಯಾರೂ ಕೇಳಲಿಲ್ಲ. ಸಂಜೆ ಆಸ್ಪತ್ರೆಯಲ್ಲಿ ನೋರಾ ಮಗಳ ಕೈ ಹಿಡಿದು, "ಚೆನ್ನಾಗಾಯ್ತಂತೆ. ಮನೇಲೇ ಉಳಿಸ್ಕೋ ಕಣೇ ಇದನ್ನ," ಎಂದಳು. ವಿನ್ನಿ ಉಳಿಸಿಕೊಂಡಳು.

ಉಳಿಸಿಕೊಳ್ಳುವುದು ಹುಡುಗಾಟವಾಗಿರಲಿಲ್ಲ. ಹೊಸ ಮೋರಿಯನ್ನು ಬಗ್ಗಿ ನೋಡಿ ಮೆಚ್ಚಬೇಕು. ಶಾಲೆಯಲ್ಲಿ ಒಂದು ಕೇಕು ತಿಂದು, ಚರ್ಚಿನಲ್ಲಿ ಇನ್ನೊಂದು ತಿಂದು, ಎರಡನೆಯದಕ್ಕೂ ಹಸಿದವಳಂತೆ ಕಾಣಬೇಕು. ಎಲ್ಲಕ್ಕಿಂತ ಕಷ್ಟದ್ದು ಸಾಲು. ಆ ಸಾಲಿನಲ್ಲಿ ನಿಂತವರೆಲ್ಲ ಅವಳು ಹುಟ್ಟಿದಂದಿನಿಂದ ಕಂಡ ಮುಖಗಳೇ. ಯಾರು ಯಾರ ಬೇಲಿ ಸರಿಸಿದರು, ಯಾರು ಯಾರ ಕೋಳಿ ನುಂಗಿದರು ಎಲ್ಲ ಬಲ್ಲವಳು. ಆದರೂ ಒಬ್ಬೊಬ್ಬರನ್ನೂ ಹೊಸಬರಂತೆ ಹೆಸರು ಕೇಳಬೇಕು. ವರ್ಷಗಳಿಂದ ಮಾತು ಬಿಟ್ಟಿದ್ದ ನೆರೆಮನೆಯ ಮುದುಕಿಗೂ ಅದೇ ಕೈ, ಅದೇ ನಗೆ. ಸಿರಿಲನಿಗೂ ಅದೇ.

"ನಿಮ್ಮ ಹೆಸರು?"

"ಸಿರಿಲ್ ಹೆಪ್‌ವರ್ತ್."

"ಏನು ಕೆಲಸ ಮಾಡ್ತೀರಿ, ಮಿಸ್ಟರ್ ಹೆಪ್‌ವರ್ತ್?"

"ಬಸ್ಸು ಓಡಿಸ್ತೀನಿ. ಮನೇಲಿ ಪಾತ್ರೆ ತೊಳೀತೀನಿ."

"ತುಂಬಾ ಸ್ವಾರಸ್ಯವಾದ ಕೆಲಸ ಇರಬೇಕು."

"ಹೆಂಡತೀನ ಕೇಳ್ಬೇಕು. ನಾನು ತೊಳೆದಿದ್ದು ಅವಳಿಗೆ ಇವತ್ತಿನವರೆಗೂ ಹಿಡಿಸಿಲ್ಲ."

ಸಾಲಿಗೆ ಸಾಲೇ ಕಿಸಕ್ಕೆಂದಿತು. ಅಂದು ಬೆಳಿಗ್ಗೆ ತಾನೇ ಗಂಜಿ ತಳ ಹಿಡಿಸಿದನೆಂದು ಅವನ ಏಳು ತಲೆಮಾರನ್ನು ಎಳೆದಾಡಿದ್ದ ಹೆಂಗಸು, ರೆಪ್ಪೆ ಕೂಡ ಅಲುಗಿಸದೆ, ತಲೆ ತುಸು ಬಾಗಿಸಿ, ಮುಂದಿನವರ ಕಡೆಗೆ ತಿರುಗಿದಳು. ಆ ನಗೆ ಸಿರಿಲನ ಮನೆಯ ನಗೆಯಲ್ಲ. ಅದು ಎಲ್ಲಿಂದ ಇಳಿದು ಬರುತ್ತಿತ್ತೋ ಅವನಿಗೆ ತಿಳಿಯದು. ರಾತ್ರಿ ಮಗ್ಗುಲಲ್ಲಿ ಗೊರಕೆ ಹೊಡೆಯುವವಳೂ ಇವಳೇ ಎನ್ನುವುದನ್ನು ಅವನು ಆಗಾಗ ತನಗೆ ತಾನೇ ನೆನಪಿಸಿಕೊಳ್ಳಬೇಕಾಗುತ್ತಿತ್ತು.

ಹೀಗಿರುವಾಗ, ಕಡಲಲ್ಲಿ ಸಿಕ್ಕಿಬಿದ್ದವರನ್ನು ಉಳಿಸುವ ಲೈಫ್‌ಬೋಟಿನ ಹೊಸ ಶೆಡ್ಡಿನ ಉದ್ಘಾಟನೆಗೆ ಅರಮನೆಯಿಂದ ಒಬ್ಬರು ಬರುತ್ತಾರೆಂದು ಸುದ್ದಿಯಾಯಿತು. ವಿನ್ನಿಯ ಮೊಣಕಾಲುಗಳು ಆ ವೇಳೆಗೆ ಮುಷ್ಕರ ಹೂಡಿದ್ದವು. ಪದ್ಧತಿಯಂತೆ ಇನ್ನು ಸರದಿ ಮಗಳು ಮೊರೀನಳದು. ಮೊರೀನ್ ಪೇಟೆಬೀದಿಯಲ್ಲಿ ಹೆಂಗಸರ ಸಲೂನು ಇಟ್ಟುಕೊಂಡಿದ್ದಳು. ನಾಲಿಗೆ ಅಪ್ಪನದು, ಹಟ ಅಮ್ಮನದು.

"ನನ್ನಿಂದಾಗಲ್ಲ," ಎಂದಳು ಮೊರೀನ್. "ಅಜ್ಜಿ ಮಾಡಿದ್ಲು, ನೀನು ಮಾಡಿದೆ. ನಾನು ನಿನ್ನ ಹೊಟ್ಟೇಲಿ ಹುಟ್ಟಿದ್ದೇ ತಪ್ಪಾ? ಭಾನುವಾರ ಒಂದೇ ದಿನ ನಾನು ಕಾಲು ಚಾಚೋದು."

"ಬೇಡ ಅಂದ್ರೆ ಬೇಡ," ಎಂದಳು ವಿನ್ನಿ. ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅಂದು ಅಂಗಡಿಯಲ್ಲಿ ಅವಳು ಕರಿದ ಮೀನಿನ ಮೇಲಿನ ಹಿಟ್ಟು ಸೀದುಹೋಗಿತ್ತು. ಮಾರ್ಸ್‌ಬಿಯಲ್ಲಿ ಹಾಗೆ ಹಿಂದೆಂದೂ ಆದದ್ದಿಲ್ಲ. ಜನ ಗೌರವದಿಂದ ಅದನ್ನೇ ತಿಂದರು. ಸಿರಿಲ್ ಕೂಡ ತಿಂದ. ತಾಯಿಯ ಕೈಯಿಂದ ಬಂದದ್ದು ತನ್ನ ಕೈಯಲ್ಲಿ ಕೊನೆಯಾಗುತ್ತದಲ್ಲ ಎಂದು ವಿನ್ನಿ ಒಳಗೇ ಬೇಯುತ್ತಿದ್ದಾಳೆ ಎನ್ನುವುದು ಅವನಿಗೊಬ್ಬನಿಗೇ ತಿಳಿದಿತ್ತು.

ತಿಳಿದಿದ್ದೂ ಅವನು ಏನು ಮಾಡಿದ? ಕಾಯ್ದು ಕುಳಿತಿದ್ದ ಅವಕಾಶ ಕಾಲಿಗೇ ತೊಡರಿದಾಗ ಶೂರನಾದವನು ಏನು ಮಾಡುತ್ತಾನೋ ಅದನ್ನೇ ಮಾಡಿದ. ಪಟ್ಟಣ ಸಭೆಯಲ್ಲಿ ಎದ್ದು ನಿಂತು, ತಾಲೀಮಿನ ರಾಣಿಯನ್ನು ಇನ್ನು ಮುಂದೆ ಊರಿನವರೇ ಓಟು ಹಾಕಿ ಆರಿಸಬೇಕೆಂದು ಗೊತ್ತುವಳಿ ಮಂಡಿಸಿದ. ಗೊತ್ತುವಳಿ ಪಾಸಾಯಿತು. ಮನೆಗೆ ಬಂದು ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ನಿನಗೆ ಬೇಜಾರಾಯ್ತಾ, ವಿನ್ನಿ?"

"ನಿನಗೆ ಸರಿ ಅನ್ನಿಸಿದ್ದು ನೀನು ಮಾಡಿದೀಯ. ಪಾತ್ರೆ ಮಾತ್ರ ಇವತ್ತು ಉಜ್ಜಿ ತೊಳಿ."

ಚುನಾವಣೆಗೆ ಇಬ್ಬರು ನಿಂತರು. ಕಟುಕನ ಹೆಂಡತಿ ಗ್ಲೋರಿಯಾ ಬಟರ್‌ಫೀಲ್ಡ್ ಒಬ್ಬಳು, ಬೇಕರಿಯ ಥೆಲ್ಮಾ ಸ್ಪ್ರಾಟ್ ಇನ್ನೊಬ್ಬಳು. ಮಾರ್ಸ್‌ಬಿ ಮಾಂಸದ ಪಕ್ಷ, ರೊಟ್ಟಿಯ ಪಕ್ಷ ಎಂದು ಇಬ್ಭಾಗವಾಯಿತು. ಅದುವರೆಗೆ ಎರಡನ್ನೂ ಒಟ್ಟಿಗೆ ತಿನ್ನುತ್ತಿದ್ದ ಊರು ಅದು. ಗ್ಲೋರಿಯಾ ಕೈತುಂಬಾ ಭರವಸೆ ಹಂಚಿದಳು. ಹೂಗುಚ್ಛ ಕೊಡುವ ಭಾಗ್ಯ ಯಾರಿಗೆ ಎಂದು ಕೇಳಿದವರಿಗೆಲ್ಲ "ನಿಮಗೇ" ಎಂದಳು. ಬೆಸ್ತರ ಬೀದಿ ಇಡಿಯಾಗಿ ಥೆಲ್ಮಾಳ ಬೆನ್ನಿಗೆ ನಿಂತಿತು. ಕೊನೆಗೆ ಕೂದಲೆಳೆಯ ಅಂತರದಲ್ಲಿ ಮಾಂಸ ಗೆದ್ದಿತು.

"ಈ ಊರಿನ ಚರಿತ್ರೆಯಲ್ಲೇ ಮೊದಲ ಸಲ, ಜನ ತಮ್ಮ ರಾಣಿಯನ್ನ ತಾವೇ ಆರಿಸಿಕೊಂಡಿದ್ದಾರೆ!" ಎಂದು ಸಿರಿಲ್ ಸಭಾಭವನದ ಮೆಟ್ಟಿಲ ಮೇಲಿಂದ ಕೂಗಿದ.

"ಇಳಿಸೋದು ಯಾವಾಗ ಅಂತ ಈಗ್ಲೇ ಹೇಳ್ಬಿಡಪ್ಪಾ!" ಎಂದು ಬೆಸ್ತರ ಗುಂಪಿನಿಂದ ಯಾರೋ ಕೂಗಿದರು.

ಭಾನುವಾರ ತಾಲೀಮು. ಗ್ಲೋರಿಯಾ ನವಿಲುಬಣ್ಣದ ಟೋಪಿ ಇಟ್ಟುಕೊಂಡು ಕಾರಿನಿಂದ ಇಳಿದಳು. ಇಳಿದವಳೇ ಮೊದಲು ತನಗೆ ಓಟು ಹಾಕಿದವರ ಕಡೆ ಎರಡೂ ಕೈ ಬೀಸಿದಳು. ಹೂಗುಚ್ಛ ಹಿಡಿದು ಹೆಂಗಸರು ದಂಡೆದ್ದು ಬಂದರು. ಎಲ್ಲರಿಗೂ ಮಾತು ಕೊಟ್ಟಾಗಿತ್ತು. ಒಬ್ಬಳ ಗುಲಾಬಿಯನ್ನು ಇನ್ನೊಬ್ಬಳ ಡೇರೆ ಹೂವು ತಿವಿಯಿತು, ಲಿಲ್ಲಿ ಹೂವೊಂದು ಪಾದ್ರಿಯ ಕಣ್ಣಿಗೆ ಹೋಯಿತು. ಸಾಲಿನಲ್ಲಿ ಮಾಂಸದ ಪಕ್ಷದವರ ಮುಂದೆ ಗ್ಲೋರಿಯಾ ನಿಂತು, ಮೊಮ್ಮಕ್ಕಳ ಹಲ್ಲಿನವರೆಗೆ ವಿಚಾರಿಸಿದಳು. ಬೆಸ್ತರ ಮುಂದೆ ಕೈಗವಸು ಕೂಡ ತಾಗದಂತೆ ಸರ್ರನೆ ಸರಿದುಹೋದಳು. ಬೆಸ್ತರೂ ಏನು ಕಡಿಮೆಯೇ? ಅವಳು ಬರುವ ಮೊದಲೇ ಕೈಗಳನ್ನು ಜೇಬಿಗಿಳಿಸಿ ಆಕಾಶದ ಕಡೆ ನೋಡುತ್ತಿದ್ದರು. ಥೆಲ್ಮಾಳ ತಮ್ಮ ನಗಾರಿ ಬಾರಿಸುವವನು. ಗ್ಲೋರಿಯಾ ಹೆಜ್ಜೆ ಇಟ್ಟಾಗಲೆಲ್ಲ ಅವನು ದಢಾರ್ ಎಂದು ಒಂದೇಟು ಕೊಡುತ್ತಿದ್ದ. ಅವಳು ನಿಂತರೆ ಅವನೂ ನಿಲ್ಲುತ್ತಿದ್ದ.

ಕೊನೆಗೆ ಗ್ಲೋರಿಯಾ ಸಿರಿಲನ ಮುಂದೆ ಬಂದಳು. ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. "ಸಿರಿಲ್! ಎಲ್ಲಾ ನಿಮ್ಮಿಂದಾನೇ ಆಗಿದ್ದು!" ಎಂದವಳೇ ಅವನ ಕೆನ್ನೆಗೆ ಮುತ್ತು ಕೊಟ್ಟುಬಿಟ್ಟಳು. ಎದುರಿನಲ್ಲಿ ಬೆಸ್ತರು ಸಿಳ್ಳೆ ಹಾಕಿದರು. ಜನಪ್ರಭುತ್ವಕ್ಕಾಗಿ ಪ್ರಾಣ ಕೊಡಲೂ ಸಿದ್ಧನಿದ್ದ ಸಿರಿಲ್, ಕೆನ್ನೆ ಕೊಡಬೇಕಾದೀತೆಂದು ಎಣಿಸಿರಲಿಲ್ಲ. ಪಿಲ್ಲಿಂಗನ ಕೈಯಿಂದ ಗಡಿಯಾರ ಜಾರಿ ಕಲ್ಲಿನ ಮೇಲೆ ಬಿತ್ತು.

ಮರುದಿನ ಊರಿಗೆ ಊರೇ ಕೆಟ್ಟು ಕೂತಿತು. ಮೊರೀನಳ ಸಲೂನಿನಲ್ಲಿ ಗ್ಲೋರಿಯಾಳ ಕಡೆಯವರು ಥೆಲ್ಮಾಳ ಕಡೆಯವರ ಪಕ್ಕದ ಕುರ್ಚಿಯಲ್ಲಿ ಕೂರಲೊಪ್ಪದೆ ಒದ್ದೆ ತಲೆಯಲ್ಲೇ ಎದ್ದು ಹೋದರು. ಎಲ್ಲಕ್ಕಿಂತ ಮುಖ್ಯವಾದ ಲೈಫ್‌ಬೋಟನ್ನು ನಡೆಸುವವರೇ ಬೆಸ್ತರು. ಗ್ಲೋರಿಯಾ ರಾಣಿಯಾಗಿದ್ದರೆ ತಾವು ಸಾಲಿಗೆ ಬರುವುದಿಲ್ಲ ಎಂದು ಅವರು ಹೇಳಿ ಕಳಿಸಿದರು. ಬೆಸ್ತರನ್ನು ಮತ್ತೆ ಸೇರಿಸಿಕೊಂಡರೆ ತಾನೂ ರಾಣಿಯಾಗಿ ಬರುವುದಿಲ್ಲ ಎಂದು ಗ್ಲೋರಿಯಾ ಹೇಳಿ ಕಳಿಸಿದಳು. ಪಿಲ್ಲಿಂಗ್ ಮತ್ತೆ ಸೈಕಲ್ಲು ತುಳಿದುಕೊಂಡು ವಿನ್ನಿಯ ಅಂಗಡಿಗೆ ಬಂದ. ಮೀಸೆ ಈಗ ಪೂರ್ತಿ ಬೆಳ್ಳಗಾಗಿತ್ತು.

"ಮಿಸೆಸ್ ಹೆಪ್‌ವರ್ತ್, ಇನ್ನೊಂದೇ ಒಂದು ಸಲ. ನಿಮ್ಮನ್ನ ಬೇಕಾದ್ರೆ ಹೊತ್ಕೊಂಡು ಹೋಗ್ತೀವಿ."

"ಇಳಿದಿದ್ದು ಇಳಿದಾಯ್ತು, ಮಿಸ್ಟರ್ ಪಿಲ್ಲಿಂಗ್. ಮತ್ತೆ ಹತ್ತಿದ್ರೆ, ಕಾಯ್ಕೊಂಡೇ ಇದ್ಲು ಅಂತಾರೆ. ಉಪ್ಪು, ವಿನಿಗರ್ ಎರಡೂ ಹಾಕ್ಲಾ?"

"ಹಾಗಾದ್ರೆ ಮಗಳಿಗಾದ್ರೂ ಒಂದು ಮಾತು ಹೇಳಿ."

"ಅವಳು ಬೇಡ ಅಂದಾಗಿದೆ."

ಪಿಲ್ಲಿಂಗ್ ಪೊಟ್ಟಣ ಹಿಡಿದುಕೊಂಡು ಹೊರಗೆ ಬಂದು, ಅಲ್ಲಿ ನಿಂತಿದ್ದ ಸಿರಿಲನ ಮುಖ ನೋಡಿದ. ಸಿರಿಲ್ ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಸಂಜೆ ಚಹಾಕ್ಕೆ ಮೊರೀನ್ ಮನೆಗೆ ಬಂದಳು. ಸಿರಿಲ್ ತನ್ನ ಕಪ್ಪನ್ನು ಮುಟ್ಟಿರಲಿಲ್ಲ.

"ಮೊರೀನ್, ನೀನೇ ಹೋಗ್ಬೇಕು ಕಣಮ್ಮಾ."

"ಅಪ್ಪಾ, ನೀನಾ ಈ ಮಾತು ಹೇಳ್ತಿರೋದು? ಜ್ವರ ಗಿರ ಬಂದಿದೆಯಾ?"

"ಬಂದಿದೆ ಅಂತಾನೇ ಇಟ್ಕೋ."

"ಗ್ಲೋರಿಯಾಗೆ ಆಸೆ ಇದೆ. ಥೆಲ್ಮಾಗೆ ಆಸೆ ಇದೆ. ನನಗೆ ಚೂರೂ ಇಲ್ಲ."

"ಅದಕ್ಕೇ."

"ನನಗೆ ಒಬ್ರೂ ಓಟು ಹಾಕಿಲ್ಲ."

"ಅದಕ್ಕೇ ಅಂದೆನಲ್ಲ! ನಿನ್ನನ್ನ ಯಾರೂ ಆರಿಸಿಲ್ಲ. ನೀನು ಗೆದ್ದಿಲ್ಲ, ಹಾಗಾಗಿ ಊರಲ್ಲಿ ಯಾರೂ ಸೋತಿಲ್ಲ. ನೀನು ಯಾರಿಗೂ ಮಾತು ಕೊಟ್ಟಿಲ್ಲ, ಹಾಗಾಗಿ ಯಾರಿಗೂ ತಪ್ಪಿಲ್ಲ. ನಿನಗಿರೋ ಯೋಗ್ಯತೆ ಅಂದ್ರೆ ಇವಳ ಹೊಟ್ಟೇಲಿ ಹುಟ್ಟಿದ್ದು ಒಂದೇ. ಅಂಥಾ ಯೋಗ್ಯತೆ ನೋಡಿ ಯಾರಿಗೆ ಹೊಟ್ಟೆಕಿಚ್ಚು ಬರುತ್ತೆ?"

"ಇದು ಹೊಗಳಿಕೆನಾ?"

"ಅಲ್ಲ. ಕಾರಣ."

"ಹಾಗಾದ್ರೆ ನಾಳೆಯಿಂದ ಬಸ್ಸೂ ನನಗೇ ಕೊಡ್ತೀಯಾ?"

ಸಿರಿಲ್ ಜೀವಮಾನವಿಡೀ ಎಸೆದ ಕಲ್ಲು ಈಗ ತಿರುಗಿ ಅವನ ಮೇಲೇ ಬಂದಿತ್ತು. "ಬಸ್ಸು ಎಲ್ಲಿಗೋ ಹೋಗ್ಬೇಕು ಕಣೇ," ಎಂದ. "ಅದಕ್ಕೆ ಗೊತ್ತಿರೋನು ಬೇಕು, ಕೆಟ್ಟದಾಗಿ ಓಡಿಸಿದ್ರೆ ಇಳಿಸೋಕೆ ಬರ್ಬೇಕು. ಇದು ಎಲ್ಲಿಗೂ ಹೋಗಲ್ಲ. ಇರುತ್ತೆ, ಅಷ್ಟೇ. ಎಲ್ಲರೂ ಬಂದು ಹೋಗ್ತಾ ಇರೋವಾಗ ಒಂದು ಅಲ್ಲೇ ಇರ್ಬೇಕು. ಇಷ್ಟು ದಿನ ನನಗೆ ಅದು ಕೆಲಸಾನೇ ಅಲ್ಲ ಅಂತ ಕಾಣ್ತಿತ್ತು. ಗ್ಲೋರಿಯಾ ನಿಂತಿದ್ದನ್ನ ನೋಡಿದ ಮೇಲೆ ಗೊತ್ತಾಯ್ತು, ಎಂಥಾ ಕೆಲಸ ಅಂತ."

ವಿನ್ನಿ ಒಲೆಯ ಕಡೆ ಮುಖ ಮಾಡಿದ್ದವಳು ತಿರುಗಲಿಲ್ಲ. "ಅವಳನ್ನ ಪೀಡಿಸ್ಬೇಡ, ಸಿರಿಲ್. ಚಹಾ ಆರುತ್ತೆ."

"ಅಮ್ಮಾ, ನಿಜ ಹೇಳು. ನಿನಗೆ ಬೇಕಾ ಇದು?"

"ಬೇಕು. ನಮ್ಮಮ್ಮನಿಗೂ ಬೇಕಾಗಿತ್ತು. ಆದ್ರೆ ನಾನು ಕೇಳೋ ಹಾಗಿಲ್ಲ. ಕೇಳಿದ್ರೆ ನಾನೂ ನಿನ್ನ ಹತ್ರ ಓಟು ಕೇಳಿದ ಹಾಗೇ ಆಯ್ತಲ್ಲ."

ಮೊರೀನ್ ಎದ್ದು ತನ್ನ ಕಪ್ಪನ್ನು ತಾನೇ ತೊಳೆದಿಟ್ಟಳು. ಆಮೇಲೆ ಯಾರ ಮುಖವನ್ನೂ ನೋಡದೆ ಕೇಳಿದಳು: "ಬೂಟಿನ ಹಿಮ್ಮಡಿ ಎಷ್ಟೆತ್ತರ ಇರ್ಬೇಕು?"

ಎರಡನೆಯ ತಾಲೀಮಿಗೆ ಊರೆಲ್ಲ ಬಂದಿತ್ತು. ತಾಲೀಮಿಗಿಂತ ಜಗಳ ನೋಡಲು ಬಂದವರೇ ಹೆಚ್ಚು. ಮಾಂಸದವರು ಒಂದು ಕಡೆ, ರೊಟ್ಟಿಯವರು ಒಂದು ಕಡೆ. ಬೆಸ್ತರ ಕೈಗಳು ಜೇಬಿನಲ್ಲೇ ಇದ್ದವು. ಮೊರೀನ್ ಕಾರಿನಿಂದ ಇಳಿದಳು. ಅವಳ ಮುಖದಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಬಂದಿದ್ದಾಳೆ, ಅಷ್ಟೇ. ಹೂಗುಚ್ಛದ ಹುಡುಗಿ ಮೂಗಿಗೆ ಬೆರಳು ಹಾಕಿದಳು. ಮೊರೀನ್ ಬಗ್ಗಿ ಹೂ ತೆಗೆದುಕೊಂಡು, ಆ ಬೆರಳಿನ ಕೈಯನ್ನೇ ಕುಲುಕಿದಳು.

ಸಾಲಿನ ಮೊದಲಲ್ಲೇ ಗ್ಲೋರಿಯಾ ನಿಂತಿದ್ದಳು. ಕೈಕಟ್ಟಿಕೊಂಡಿದ್ದಳು, ಟೋಪಿ ಸಿಟ್ಟಿನಿಂದ ನಡುಗುತ್ತಿತ್ತು. ಮೊರೀನ್ ಕೈಚಾಚಿ ನಿಂತಳು. ಚಾಚಿದ ಕೈಯನ್ನು ಹಿಂದಕ್ಕೂ ಎಳೆದುಕೊಳ್ಳಲಿಲ್ಲ, ಮುಂದಕ್ಕೂ ನೂಕಲಿಲ್ಲ. ಗಾಳಿಯಲ್ಲಿ ಹಾಗೇ ಬಿಟ್ಟಳು, ದಿನವೆಲ್ಲ ಬೇಕಾದರೂ ಅಲ್ಲೇ ಇರುತ್ತದೆ ಎನ್ನುವಂತೆ.

"ನಿಮ್ಮ ಹೆಸರು?"

ಗ್ಲೋರಿಯಾ ಸುತ್ತ ನೋಡಿದಳು. ಯಾರೂ ನಗಲಿಲ್ಲ. "ಗ್ಲೋರಿಯಾ ಬಟರ್‌ಫೀಲ್ಡ್," ಎಂದಳು ಸಣ್ಣಗೆ. "ಮೊರೀನ್, ನಿನಗೆ ಗೊತ್ತಿಲ್ವೇನೇ..."

"ಏನು ಮಾಡ್ತೀರಿ, ಮಿಸೆಸ್ ಬಟರ್‌ಫೀಲ್ಡ್?"

"ಮಾಂಸದಂಗಡಿ. ಮತ್ತೆ... ಚರ್ಚಿಗೆ ಹೂ ಜೋಡಿಸ್ತೀನಿ."

"ಎಷ್ಟು ದಿನದಿಂದ?"

"ನಮ್ಮ ಯಜಮಾನರ ತಾಯಿ ಹೋದಾಗಿನಿಂದ. ಅವರೇ ಮಾಡ್ತಿದ್ರು. ಯಾರಾದ್ರೂ ಮಾಡ್ಬೇಕಲ್ಲ." ಹೇಳುತ್ತ ಹೇಳುತ್ತ ಗ್ಲೋರಿಯಾಳ ಕಟ್ಟಿದ್ದ ಕೈ ತಾನಾಗಿ ಬಿಚ್ಚಿಕೊಂಡಿತು. ಮೊರೀನ್ ಅದನ್ನು ಹಿಡಿದು ಕುಲುಕಿ, ತಲೆ ತುಸು ಬಾಗಿಸಿದಳು. ಗ್ಲೋರಿಯಾ, ಯಾರೂ ಹೇಳದಿದ್ದರೂ, ಮಂಡಿ ಬಗ್ಗಿಸಿ ವಂದಿಸಿಬಿಟ್ಟಳು. ನವಿಲುಬಣ್ಣದ ಟೋಪಿ ಮೂಗಿನವರೆಗೆ ಇಳಿಯಿತು.

ಮುಂದೆ ಥೆಲ್ಮಾ. ಅದೇ ಕೈ, ಅದೇ ನಗೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಬೆಸ್ತರು. ಒಬ್ಬೊಬ್ಬನ ಕೈಯೂ ಜೇಬಿನಿಂದ ಹೊರಬಂದು, ಪ್ಯಾಂಟಿಗೆ ಒರೆಸಿಕೊಂಡು, ಸಾಲಾಗಿ ಕಾಯತೊಡಗಿತು. ನಗಾರಿಯವನು ಏಟು ಹಾಕುವುದನ್ನು ಮರೆತ. ಸಿರಿಲ್ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಬೆಳಿಗ್ಗೆ ತಾನೇ ಚಮಚೆ ಸಿಗಲಿಲ್ಲವೆಂದು ಶಾಪ ಹಾಕಿದ ಮಗಳು ಅವಳು. ಅದೇ ನಗೆ, ತಾಯಿಯ ಮುಖದಿಂದ ಮಗಳ ಮುಖಕ್ಕೆ, ಒಂದು ಹನಿಯೂ ಚೆಲ್ಲದಂತೆ ದಾಟಿ ಬಂದಿತ್ತು. ತನ್ನ ಸರದಿ ಬಂದಾಗ ಅವನು ಹೇಳಬೇಕೆಂದುಕೊಂಡಿದ್ದ ಕುಚೋದ್ಯ ಬಾಯಿಗೆ ಬರಲಿಲ್ಲ. ಹೆಸರು ಕೇಳಿದರೆ ಅದೂ ತಡವರಿಸಿತು. ತಿರುಗಿ ನೋಡಿದರೆ ಗುಂಪಿನ ಹಿಂದೆ ವಿನ್ನಿ, ಕೋಲೂರಿಕೊಂಡು, ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು. ಹೊಸ ರಾಣಿ ಎದುರಿಗೆ ಬಂದಾಗ ಹಳೆಯ ರಾಣಿಯೂ ಎಲ್ಲರಂತೆ ತನ್ನ ಹೆಸರು ಹೇಳಿದಳು.

ಎರಡು ದಿನ ಬಿಟ್ಟು ಅರಮನೆಯವರು ಬಂದರು, ರಿಬ್ಬನ್ ಕತ್ತರಿಸಿದರು, ಹೋದರು. ಚೆನ್ನಾಗಿತ್ತು, ಆದರೆ ತಾಲೀಮಿನಷ್ಟಲ್ಲ ಎಂದು ಮಾರ್ಸ್‌ಬಿ ತೀರ್ಪು ಕೊಟ್ಟಿತು.

ಅಂದು ಅಂಗಡಿಗೆ ರಜೆ. ಗಂಡಹೆಂಡಿರು ಕಡಲಕಟ್ಟೆಯ ಬೆಂಚಿನ ಮೇಲೆ ಕುಳಿತಿದ್ದರು. ಸೋತ ಸೇನಾಪತಿ ಕತ್ತಿ ಒಪ್ಪಿಸುವ ಹಾಗೆ ಸಿರಿಲ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ವಿನ್ನಿ, ಒಂದು ಮಾತು ಕೇಳ್ತೀನಿ. ಮೊರೀನ್‌ದು ಬಿಡು, ಅವಳು ಸಲೂನಿನವಳು, ತಲೆ ಯಾರದಾದ್ರೂ ಬಾಚಣಿಗೆ ಒಂದೇ. ಆದ್ರೆ ನೀನು! ಬೆಳಿಗ್ಗೆ ನನ್ನ ಜೊತೆ ಜಗಳ ಆಡಿ ಬಂದಿರ್ತಿದ್ದೆ. ಆ ಪಕ್ಕದ ಮನೆ ಮುದುಕಿ ನಿನ್ನ ಮೇಲೆ ಏನೇನು ಆಡಿಲ್ಲ? ಆದ್ರೂ ಇಷ್ಟು ವರ್ಷ, ಆ ಸಾಲಿನಲ್ಲಿ, ಒಬ್ಬರನ್ನ ಮೇಲೆ ಒಬ್ಬರನ್ನ ಕೆಳಗೆ ಅಂತ ಒಂದು ಸಲಾನೂ ನೋಡ್ಲಿಲ್ಲ. ನನ್ನಂಥವನ ಮೈಗೂ ಮುಳ್ಳು ಬರ್ತಿತ್ತು. ಏನಿಳಿದು ಬರ್ತಿತ್ತು ನಿನ್ನ ಮೇಲೆ? ಹೇಗೆ ಸಾಧ್ಯ ಆಯ್ತು ಅದು?"

ವಿನ್ನಿ ಅವನನ್ನು ಒಂದು ಸಲ ನೋಡಿದಳು.

"ಕನ್ನಡಕ ಹಾಕ್ಕೋಬೇಡ ಅಂತ ಪಿಲ್ಲಿಂಗ್ ಮೊದಲನೇ ದಿನಾನೇ ಹೇಳಿದ್ದ. ತೆಗೆದಿಟ್ರೆ ನಂಗೆ ಯಾರ ಮುಖಾನೂ ಕಾಣ್ತಿರ್ಲಿಲ್ಲ," ಎಂದಳು.